ಹಾಸಿಗೆಯ ಪಕ್ಕ ಕುಳಿತು ಕೇಳಿದವರು

ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಪೋಪ್ ಎರಡನೇ ಜಾನ್ ಪೌಲರು 1992ರಲ್ಲಿ ಈ ದಿನವನ್ನೇ ವಿಶ್ವ ರೋಗಿಗಳ ದಿನವೆಂದು ಸಾರಿದರು. 1993ರಿಂದ ಧರ್ಮಸಭೆ ಇದನ್ನು ಆಚರಿಸುತ್ತಾ ಬಂದಿದೆ. ಅಂದು ನಮ್ಮ ಧರ್ಮಕೇಂದ್ರಗಳಲ್ಲಿ ರೋಗಿಗಳಿಗಾಗಿ ಬಲಿಪೂಜೆ ಅರ್ಪಿಸುತ್ತೇವೆ. ಪೂಜೆ ಮುಗಿದ ಮೇಲೆ ಹಣ್ಣು, ಬ್ರೆಡ್ಡು ಹಿಡಿದುಕೊಂಡು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತೇವೆ. ಮಂಚದ ಬಳಿ ನಿಂತು, "ಏನೂ ಆಗೋದಿಲ್ಲ, ಧೈರ್ಯವಾಗಿರಿ" ಎನ್ನುತ್ತೇವೆ. ಆಮೇಲೆ ಹೊರಗೆ ಬಂದು ಮಗನನ್ನೋ ಸೊಸೆಯನ್ನೋ ಮೆಲ್ಲಗೆ ಕರೆದು, "ಡಾಕ್ಟರು ಏನಂದ್ರು?" ಎಂದು ವಿಚಾರಿಸುತ್ತೇವೆ. ರೋಗಿಯ ಬಗ್ಗೆ ಎಲ್ಲರನ್ನೂ ಕೇಳುತ್ತೇವೆ. ರೋಗಿಯನ್ನು ಮಾತ್ರ ಕೇಳುವುದಿಲ್ಲ.

ಜೆರಿಕೊ ಪಟ್ಟಣದ ದಾರಿಯಲ್ಲಿ ಕುಳಿತಿದ್ದ ಕುರುಡ ಬಾರ್ತಿಮಾಯನ ಪ್ರಸಂಗ ನಮಗೆಲ್ಲ ಗೊತ್ತು. ಅವನಿಗೆ ಏನು ಬೇಕೆಂಬುದು ನೋಡಿದವರಿಗೆಲ್ಲ ತಿಳಿಯುವಂತಿತ್ತು. ಆದರೂ ಯೇಸುಸ್ವಾಮಿ ಅವನನ್ನು ಹತ್ತಿರಕ್ಕೆ ಕರೆಸಿ, ತನ್ನಿಂದ ಏನಾಗಬೇಕೆಂದು ಅವನ ಬಾಯಿಂದಲೇ ಕೇಳಿ ತಿಳಿದರು. ಈ ಪ್ರಶ್ನೆಯನ್ನು ಆಸ್ಪತ್ರೆಗಳು ಕಲಿಯಲು ಬಹಳ ಕಾಲ ಹಿಡಿಯಿತು. ಅದನ್ನು ಕಲಿಸಿದವರಲ್ಲಿ ದಾದಿಯರ ಪಾಲು ದೊಡ್ಡದು. ಈ ಹಬ್ಬದ ಸಂದರ್ಭದಲ್ಲಿ ಆ ಚರಿತ್ರೆಯನ್ನು ಸ್ವಲ್ಪ ನೆನೆಯೋಣ.

ಒಂದು ಕಿಟಕಿಯ ಕಥೆ

ಸಿಸಿಲಿ ಸಾಂಡರ್ಸ್ ಹುಟ್ಟಿದ್ದು 1918ರಲ್ಲಿ, ಇಂಗ್ಲೆಂಡಿನಲ್ಲಿ. ಎರಡನೆಯ ಮಹಾಯುದ್ಧ ಆರಂಭವಾದಾಗ ಆಕೆ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದರು. 1940ರಲ್ಲಿ ಆ ಓದನ್ನು ಬಿಟ್ಟು, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಸ್ಥಾಪಿಸಿದ್ದ ದಾದಿಯರ ಶಾಲೆಗೆ ಸೇರಿದರು. ತರಬೇತಿಯೇನೋ ಮುಗಿಯಿತು. ಆದರೆ ಬೆನ್ನುನೋವಿನಿಂದಾಗಿ ವಾರ್ಡಿನ ಕೆಲಸ ಮುಂದುವರಿಸಲಾಗಲಿಲ್ಲ. ಹಾಗಾಗಿ ಮತ್ತೆ ಓದಿ, 1947ರಲ್ಲಿ ಆಸ್ಪತ್ರೆಯಲ್ಲೇ ಸಮಾಜ ಸೇವಕಿಯಾದರು.

ಅದೇ ವರ್ಷ ಅವರಿಗೆ ಡೇವಿಡ್ ತಾಸ್ಮಾ ಎಂಬ ರೋಗಿಯ ಪರಿಚಯವಾಯಿತು. ಆತ ಪೋಲೆಂಡಿನಿಂದ ಬಂದ ಯೆಹೂದಿ, ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡುತ್ತಿದ್ದವರು. ವಯಸ್ಸು 40ರ ಆಸುಪಾಸು. ಶಸ್ತ್ರಚಿಕಿತ್ಸೆಗೂ ಬಗ್ಗದ ಕ್ಯಾನ್ಸರ್. ಲಂಡನ್ನಿನಲ್ಲಿ ಹತ್ತಿರದವರು ಯಾರೂ ಇರಲಿಲ್ಲ. ಸಿಸಿಲಿ ಮತ್ತೆ ಮತ್ತೆ ಹೋಗಿ ಅವರ ಪಕ್ಕ ಕುಳಿತರು. ತಾನು ಬದುಕಿದ್ದಕ್ಕೆ ಜಗತ್ತಿನಲ್ಲಿ ಯಾವ ಗುರುತೂ ಉಳಿಯುವುದಿಲ್ಲವಲ್ಲ ಎಂಬುದೇ ಆತನ ದೊಡ್ಡ ಸಂಕಟವಾಗಿತ್ತು. ಸಾಯುವವರು ನೆಮ್ಮದಿಯಿಂದ ಇರಬಹುದಾದ ಒಂದು ಮನೆ ಹೇಗಿರಬೇಕೆಂದು ಇಬ್ಬರೂ ಮಾತನಾಡಿಕೊಂಡರು. 1948ರ ಫೆಬ್ರವರಿಯಲ್ಲಿ ಆತ ತೀರಿಕೊಂಡಾಗ, ಆ ಮನೆಗೆ ತಾನೊಂದು ಕಿಟಕಿಯಾಗುತ್ತೇನೆಂದು ಹೇಳಿ 500 ಪೌಂಡುಗಳನ್ನು ಸಿಸಿಲಿಯ ಹೆಸರಿಗೆ ಬಿಟ್ಟುಹೋಗಿದ್ದರು. ಕೈಯಲ್ಲಿ ಕಿಟಕಿಯ ದುಡ್ಡು ಬಂತು. ಮನೆ ಇನ್ನೂ ಇರಲಿಲ್ಲ.

ಸಾಯುವವರ ನಡುವೆ ಕೆಲಸ ಮಾಡಬೇಕೆಂಬ ಹಂಬಲವನ್ನು ಸಿಸಿಲಿ ತಮ್ಮ ಜೊತೆಗಿದ್ದ ಶಸ್ತ್ರಚಿಕಿತ್ಸಕ ನಾರ್ಮನ್ ಬ್ಯಾರೆಟ್ ಅವರಲ್ಲಿ ಹೇಳಿಕೊಂಡರು. ಸಾಯುವವರನ್ನು ಕೈಬಿಡುತ್ತಿರುವವರು ವೈದ್ಯರೇ, ದಾದಿಯಾಗಿ ಹೇಳಿದರೆ ಯಾರೂ ಕಿವಿಗೊಡುವುದಿಲ್ಲ, ಆದ್ದರಿಂದ ವೈದ್ಯಕೀಯ ಓದಬೇಕು ಎಂದು ಅವರು ಸಲಹೆಯಿತ್ತರು. ಆಗ ಸಿಸಿಲಿಗೆ ಮೂವತ್ತು ದಾಟಿತ್ತು. ಆದರೂ ಓದಿ 1957ರಲ್ಲಿ ವೈದ್ಯೆಯಾದರು.

ಕನ್ಯಾಸ್ತ್ರೀಯರ ಮನೆಯಲ್ಲಿ

ಇಲ್ಲಿಂದ ಮುಂದಿನ ಕಥೆಗೆ ನಮ್ಮ ಕನ್ಯಾಸ್ತ್ರೀಯರು ಬರುತ್ತಾರೆ. ಮೇರಿ ಐಕನ್‌ಹೆಡ್ 1815ರಲ್ಲಿ ಡಬ್ಲಿನ್ ನಗರದಲ್ಲಿ ಸ್ಥಾಪಿಸಿದ ಐರಿಶ್ ಸಿಸ್ಟರ್ಸ್ ಆಫ್ ಚಾರಿಟಿ ಸಭೆಯವರು, 1879ರಲ್ಲಿ ಅದೇ ನಗರದಲ್ಲಿ ಸಾಯುವವರಿಗಾಗಿ ಒಂದು ಆಶ್ರಯಧಾಮ ತೆರೆದಿದ್ದರು. 1905ರಲ್ಲಿ ಲಂಡನ್ನಿನ ಹ್ಯಾಕ್ನಿ ಎಂಬ ಬಡವರ ಬಡಾವಣೆಯಲ್ಲಿ ಸಂತ ಜೋಸೆಫರ ಹಾಸ್ಪಿಸ್ ಆರಂಭವಾಯಿತು. ಬೇರೆ ಆಸ್ಪತ್ರೆಗಳು "ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ" ಎಂದು ಕಳುಹಿಸಿದವರನ್ನು ಈ ಸಿಸ್ಟರುಗಳು ಒಳಗೆ ಕರೆದುಕೊಂಡರು. ಅವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ನೋವು ಶಮನದ ಹೊಸ ವಿಧಾನ ಮಾತ್ರ ಇನ್ನೂ ಬಂದಿರಲಿಲ್ಲ.

1958ರಲ್ಲಿ ಸಿಸಿಲಿ ಸಂಶೋಧಕಿಯಾಗಿ ಅಲ್ಲಿಗೆ ಬಂದರು. ಅವರು ಕಥೋಲಿಕರಲ್ಲ, ಆಂಗ್ಲಿಕನ್ ಸಭೆಯವರು. ಆದರೂ ಸಿಸ್ಟರುಗಳು ಬಾಗಿಲು ತೆರೆದರು, ಅವರು ಹೇಳಿಕೊಟ್ಟದ್ದನ್ನು ಕಲಿತರು. ಅಂದಿನ ರೂಢಿಯೇನೆಂದರೆ, ರೋಗಿ ನೋವು ತಾಳಲಾರದೆ ಕೂಗಿಕೊಂಡಾಗ ಮಾತ್ರ ಮಾರ್ಫಿನ್ ಕೊಡುವುದು. ಔಷಧದ ಪ್ರಭಾವ ಇಳಿದ ಮೇಲೆ ಮತ್ತೆ ನೋವು, ಮತ್ತೆ ಬೇಡಿಕೆ. ಮುಂದಿನ ನೋವಿನ ಭಯದಲ್ಲೇ ರೋಗಿಯ ದಿನ ಕಳೆಯುತ್ತಿತ್ತು. ಲಂಡನ್ನಿನ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯಲ್ಲಿ ಸಂಜೆಯ ಹೊತ್ತು ಸ್ವಯಂಸೇವೆ ಮಾಡುತ್ತಿದ್ದಾಗ ಸಿಸಿಲಿ ಬೇರೆಯ ರೀತಿಯನ್ನು ಕಂಡಿದ್ದರು. ಅಲ್ಲಿನ ದಾದಿಯರು ನೋವು ಮರಳಿ ಬರುವ ಮೊದಲೇ, ಗಡಿಯಾರ ನೋಡಿಕೊಂಡು, ಬಾಯಿಯ ಮೂಲಕ ಔಷಧ ಕೊಡುತ್ತಿದ್ದರು. ಅದನ್ನೇ ಹ್ಯಾಕ್ನಿಯಲ್ಲಿಯೂ ಜಾರಿಗೆ ತಂದರು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವನ್ನೂ ಅವರು ಮಾಡಿದರು. ಪ್ರತಿಯೊಬ್ಬ ರೋಗಿಯ ಪಕ್ಕ ಕುಳಿತು, ಅವರು ಹೇಳಿದ್ದನ್ನು ಕೇಳಿ ಬರೆದಿಟ್ಟರು. ಕೆಲವರ ಮಾತುಗಳನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟರು. 1965ರವರೆಗೆ ಏಳು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಹೀಗೆ ದಾಖಲಾಯಿತು. ಸರಿಯಾದ ಪ್ರಮಾಣದಲ್ಲಿ ಹೊತ್ತಿಗೆ ಸರಿಯಾಗಿ ಕೊಟ್ಟರೆ ರೋಗಿಗಳು ಮಾರ್ಫಿನ್‌ನ ಚಟಕ್ಕೆ ಬೀಳುವುದಿಲ್ಲ, ಮಂಕಾಗಿ ಮಲಗಿಬಿಡುವುದೂ ಇಲ್ಲ, ಎದ್ದು ಕುಳಿತು ಮನೆಯವರೊಡನೆ ಮಾತನಾಡುತ್ತಾರೆ ಎಂಬುದು ಈ ದಾಖಲೆಗಳಿಂದ ಸ್ಪಷ್ಟವಾಯಿತು.

ಎಲ್ಲಿ ನೋವೆಂದು ಕೇಳಿದಾಗ ರೋಗಿಗಳು ಬೆನ್ನು, ಹೊಟ್ಟೆ ಎಂದಷ್ಟೇ ಹೇಳಿ ನಿಲ್ಲಿಸುತ್ತಿರಲಿಲ್ಲ. ಗಂಡನಿಗೆ ಸಾಕಾಗಿಹೋಗಿದೆ, ದುಡ್ಡು ಮುಗಿಯುತ್ತಾ ಬಂತು, ನನ್ನ ಮಾತನ್ನು ಯಾರೂ ನಂಬುತ್ತಿಲ್ಲ, ದೇವರು ನನ್ನನ್ನು ಮರೆತನೇ ಎನ್ನುವವರೆಗೆ ಆ ಉತ್ತರಗಳು ಹೋಗುತ್ತಿದ್ದವು. ಶರೀರದ ನೋವು, ಮನಸ್ಸಿನ ನೋವು, ಮನೆಯ ಚಿಂತೆ, ಆತ್ಮದ ಸಂಕಟ ಇವೆಲ್ಲ ಒಂದರೊಳಗೊಂದು ಹೆಣೆದುಕೊಂಡಿವೆ ಎಂದು ಸಿಸಿಲಿ ಅರಿತರು. 1960ರ ದಶಕದಲ್ಲಿ ಇದಕ್ಕೆ "ಸಮಗ್ರ ನೋವು" ಎಂಬರ್ಥದ ಹೆಸರಿಟ್ಟರು. ಇಂದು ಜಗತ್ತಿನಾದ್ಯಂತ ಉಪಶಮನ ಆರೈಕೆಯ ಪಾಠ ಇದರಿಂದಲೇ ಆರಂಭವಾಗುತ್ತದೆ. ವೈದ್ಯೆಯಾದ ಮೇಲೂ ಅವರು ದಾದಿಯರನ್ನು ಮರೆಯಲಿಲ್ಲ. 1959ರಲ್ಲಿ ಸಾಯುವವರ ಆರೈಕೆಯ ಕುರಿತು 'ನರ್ಸಿಂಗ್ ಟೈಮ್ಸ್' ಪತ್ರಿಕೆಗೆ ಆರು ಲೇಖನಗಳನ್ನು ಬರೆದರು.

1967ರ ಜುಲೈಯಲ್ಲಿ ದಕ್ಷಿಣ ಲಂಡನ್ನಿನಲ್ಲಿ ಸಂತ ಕ್ರಿಸ್ಟೋಫರರ ಹಾಸ್ಪಿಸ್ ತೆರೆಯಿತು. ಡೇವಿಡ್ ತಾಸ್ಮಾ ಅವರ ಕಿಟಕಿಗೆ ಹತ್ತೊಂಬತ್ತು ವರ್ಷಗಳ ನಂತರ ಮನೆ ಸಿಕ್ಕಿತು. 1969ರಿಂದ ಅಲ್ಲಿನ ದಾದಿಯರು ರೋಗಿಗಳ ಮನೆಗಳಿಗೇ ಹೋಗತೊಡಗಿದರು. 2005ರ ಜುಲೈ 14ರಂದು ಸಿಸಿಲಿ ಸಾಂಡರ್ಸ್ ತಾವು ಕಟ್ಟಿದ ಆ ಮನೆಯಲ್ಲೇ ಕೊನೆಯುಸಿರೆಳೆದರು.

ದಾದಿಯರು ಕಂಡುಕೊಂಡ ಸತ್ಯ

ಇದೇ ಕಾಲದಲ್ಲಿ ಬೇರೆ ದಾದಿಯರೂ ರೋಗಿಗಳ ಅನುಭವವನ್ನು ಶಾಸ್ತ್ರೀಯವಾಗಿ ಅಭ್ಯಸಿಸತೊಡಗಿದ್ದರು. ಅಮೆರಿಕದ ದಾದಿ ಜೀನ್ ಕ್ವಿಂಟ್, ಕ್ಯಾನ್ಸರಿನಿಂದಾಗಿ ಸ್ತನ ಕಳೆದುಕೊಂಡ ಹೆಂಗಸರನ್ನು ಸಂದರ್ಶಿಸಿ 1963ರಲ್ಲಿ ಲೇಖನ ಪ್ರಕಟಿಸಿದರು. ಗಾಯ ಚೆನ್ನಾಗಿ ಮಾಗುತ್ತಿತ್ತು. ಆದರೆ ಆ ಹೆಂಗಸರ ಭಯದ ಬಗ್ಗೆ ಮಾತನಾಡುವವರು ಯಾರೂ ಇರಲಿಲ್ಲ. ವೈದ್ಯರೂ ದಾದಿಯರೂ ಮಾತು ಮರೆಸಿ ಹೋಗುತ್ತಿದ್ದರು. ಇನ್ನೊಬ್ಬ ಅಮೆರಿಕನ್ ದಾದಿ ಮಾರ್ಗೊ ಮೆಕಾಫ್ರಿ 1968ರಲ್ಲಿ ನೋವಿಗೆ ಹೊಸ ವ್ಯಾಖ್ಯೆ ಕೊಟ್ಟರು. ಅನುಭವಿಸುವವನು ಏನೆಂದು ಹೇಳುತ್ತಾನೋ ಅದೇ ನೋವು, ಇದೆ ಎಂದು ಅವನು ಹೇಳಿದಾಗ ಅದು ಇದೆ ಎಂಬುದು ಅದರ ತಾತ್ಪರ್ಯ.

ಇಂಗ್ಲೆಂಡಿನಲ್ಲಿ ಫೆಲಿಸಿಟಿ ಸ್ಟಾಕ್‌ವೆಲ್ ಎಂಬ ದಾದಿ 1972ರಲ್ಲಿ ಪ್ರಕಟಿಸಿದ ಅಧ್ಯಯನ ಸ್ವಲ್ಪ ಕಹಿಯಾದದ್ದು. ವಾರ್ಡಿನಲ್ಲಿ ದಾದಿಯರಿಗೆ ಇಷ್ಟವಾಗುವ ರೋಗಿಗಳಿದ್ದಂತೆ, ಇಷ್ಟವಾಗದವರೂ ಇದ್ದರು. ಗೊಣಗುವವರು, ದೀರ್ಘಕಾಲ ಉಳಿದವರು, ಬೇರೆ ದೇಶದವರು, ದಾದಿಯರು ನಂಬಿದ್ದಕ್ಕಿಂತ ಹೆಚ್ಚು ನರಳುತ್ತಿದ್ದೇವೆ ಎನ್ನುವವರು ಆ ಎರಡನೆಯ ಗುಂಪಿಗೆ ಸೇರುತ್ತಿದ್ದರು. ತಮ್ಮದೇ ವೃತ್ತಿಯ ತಪ್ಪನ್ನು ಹೀಗೆ ಬಯಲಿಗಿಡಲು ಧೈರ್ಯ ಬೇಕು. 1975ರಲ್ಲಿ ಜ್ಯಾಕ್ ಹೇವರ್ಡ್ ಇನ್ನೊಂದು ವಿಷಯವನ್ನು ತೋರಿಸಿಕೊಟ್ಟರು. ಶಸ್ತ್ರಚಿಕಿತ್ಸೆಗೆ ಮುಂಚೆ, ಏನಾಗುತ್ತದೆ, ಎಷ್ಟು ನೋವಿರುತ್ತದೆ ಎಂದು ರೋಗಿಗೆ ಬಿಡಿಸಿ ಹೇಳಿದರೆ ಆತಂಕ ಇಳಿಯುತ್ತದೆ, ಆಮೇಲೆ ಬೇಕಾಗುವ ನೋವಿನ ಔಷಧವೂ ಕಡಿಮೆಯಾಗುತ್ತದೆ. ಒಳ್ಳೆಯ ಮಾತು ಔಷಧದಂತೆ ಕೆಲಸ ಮಾಡುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇಲ್ಲಿ ಲೆಕ್ಕಕ್ಕೆ ಸಿಕ್ಕಿತು.

ನಮ್ಮ ನಾಡಿನಲ್ಲಿ

ಈ ಬೆಳಕು ಭಾರತಕ್ಕೆ ಬರಲು ತಡವಾಯಿತು. ದೇಶದ ಮೊದಲ ಹಾಸ್ಪಿಸ್ ಆದ ಶಾಂತಿ ಅವೇದನಾ 1986ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಆರಂಭವಾಯಿತು. 1993ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ನೋವು ಶಮನದ ಸಂಘವೊಂದು ಹುಟ್ಟಿಕೊಂಡಿತು. ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು ರೋಗಿಗಳ ಮನೆಗೆ ಹೋಗುವ ಪದ್ಧತಿ ಕೇರಳದಲ್ಲಿ ಬೆಳೆಯಿತು. ನಮ್ಮ ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟ್, 1999ರಲ್ಲಿ ಕರುಣಾಶ್ರಯವನ್ನು ತೆರೆಯಿತು. ಆದರೆ 1985ರ ಮಾದಕ ವಸ್ತುಗಳ ಕಾನೂನಿನಿಂದಾಗಿ ಮಾರ್ಫಿನ್ ಆಸ್ಪತ್ರೆಗಳಿಗೇ ದುರ್ಲಭವಾಗಿತ್ತು. 2014ರಲ್ಲಿ ಆ ಕಾನೂನಿಗೆ ತಿದ್ದುಪಡಿಯಾಗಿ ದಾರಿ ಸ್ವಲ್ಪ ಸುಗಮವಾಯಿತು.

ಕಾನೂನಿಗಿಂತ ಗಟ್ಟಿಯಾದ ಒಂದು ತಡೆ ನಮ್ಮ ಮನಸ್ಸಿನಲ್ಲೇ ಇದೆ. ನೋವನ್ನು ದೇವರಿಗೆ ಒಪ್ಪಿಸಿ ಸಹಿಸಿಕೊಳ್ಳಬೇಕು, ಔಷಧ ಕೇಳುವುದು ವಿಶ್ವಾಸದ ಕೊರತೆ ಎಂದು ಎಷ್ಟೋ ಹಿರಿಯರು ಹಲ್ಲು ಕಚ್ಚಿ ಮಲಗಿರುತ್ತಾರೆ. ನಾವೂ ಅವರಿಗೆ ಹಾಗೆಯೇ ಉಪದೇಶಿಸಿದ್ದುಂಟು. ಆದರೆ ಪೋಪ್ ಹನ್ನೆರಡನೇ ಪಿಯುಸರು 1957ರ ಫೆಬ್ರವರಿ 24ರಂದು ಅರಿವಳಿಕೆ ತಜ್ಞ ವೈದ್ಯರನ್ನು ಉದ್ದೇಶಿಸಿ ಮಾತನಾಡುತ್ತಾ, ನೋವನ್ನು ಔಷಧದಿಂದ ಶಮನಗೊಳಿಸುವುದು ನ್ಯಾಯವೇ ಎಂದು ಸ್ಪಷ್ಟಪಡಿಸಿದ್ದಾರೆ. ಸ್ವಇಚ್ಛೆಯಿಂದ ಸಹಿಸುವುದು ಬೇರೆ. ಇನ್ನೊಬ್ಬರ ಮೇಲೆ ಸಹನೆಯನ್ನು ಹೇರುವುದು ಬೇರೆ.

ಇನ್ನೊಂದು ತಡೆ, ರೋಗಿಗೆ ಗೊತ್ತಾಗಬಾರದೆಂಬ ನಮ್ಮ ಕಾಳಜಿ. "ಅಪ್ಪನಿಗೆ ಹೇಳ್ಬೇಡಿ ಡಾಕ್ಟ್ರೇ, ತಡ್ಕೊಳ್ಳಲ್ಲ" ಎಂದು ಪ್ರೀತಿಯಿಂದಲೇ ಹೇಳುತ್ತೇವೆ. ಅಪ್ಪನಿಗೆ ಎಲ್ಲವೂ ಗೊತ್ತಿರುತ್ತದೆ. ಮಕ್ಕಳು ನೊಂದಾರೆಂದು ಅವರೂ ಸುಮ್ಮನಿರುತ್ತಾರೆ. ಒಂದೇ ಮನೆಯಲ್ಲಿ ಎರಡು ಮೌನಗಳು. ಜಮೀನಿನ ವಿಷಯ, ಮುರಿದ ಸಂಬಂಧದ ವಿಷಯ, ಕೇಳಬೇಕಿದ್ದ ಕ್ಷಮೆ, ಎಲ್ಲವೂ ಬಾಯಿಗೆ ಬರದೆ ಸಮಾಧಿಗೆ ಹೋಗುತ್ತವೆ. ಎಲ್ಲರಿಗೂ ಎಲ್ಲವನ್ನೂ ಒಂದೇ ಸಲ ಹೇಳಬೇಕೆಂದಲ್ಲ. ಅವರಿಗೆ ಎಷ್ಟು ತಿಳಿಯಬೇಕಾಗಿದೆ ಎಂದು ಅವರನ್ನೇ ಕೇಳಬಹುದಲ್ಲವೇ?

ನಮ್ಮ ಎಷ್ಟೋ ಕುಟುಂಬಗಳ ಹೆಣ್ಣುಮಕ್ಕಳು ನರ್ಸುಗಳಾಗಿ ಊರಲ್ಲೂ ಪರದೇಶಗಳಲ್ಲೂ ದುಡಿಯುತ್ತಿದ್ದಾರೆ. ಜನ ಅವರನ್ನು ಕರೆಯುವುದೂ "ಸಿಸ್ಟರ್" ಎಂದೇ. ಅವರು ರಜೆಗೆ ಬಂದಾಗ ಸಂಬಳದ ಬಗ್ಗೆ ಮಾತ್ರ ವಿಚಾರಿಸದೆ, ರೋಗಿಗಳಿಂದ ಕಲಿತದ್ದೇನು ಎಂದೂ ಕೇಳೋಣ. ನಮ್ಮ ಮನೆಯ ರೋಗಿಯ ಪಕ್ಕದಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಡೋಣ. ನೋವು ಎಷ್ಟು ಹೊತ್ತಿಗೆ ಬಂತು, ಎಲ್ಲಿ ಬಂತು, ಔಷಧ ಕೊಟ್ಟ ಮೇಲೆ ಎಷ್ಟು ಹೊತ್ತು ಕಡಿಮೆಯಾಗಿತ್ತು, ರಾತ್ರಿ ನಿದ್ದೆ ಬಂತೇ ಎಂದು ಅವರ ಮಾತಿನಲ್ಲೇ ಬರೆದು ವೈದ್ಯರಿಗೆ ತೋರಿಸೋಣ. ಹ್ಯಾಕ್ನಿಯ ವಾರ್ಡಿನಲ್ಲಿ ನಡೆದ ದೊಡ್ಡ ಸಂಶೋಧನೆಯ ಮೂಲವೂ ಇಷ್ಟೇ ಆಗಿತ್ತು.

ಈ ಬಾರಿ ಲೂರ್ದು ಮಾತೆಯ ಹಬ್ಬದಂದು ಹಣ್ಣು ಹಿಡಿದು ಹೋದಾಗ ಮಂಚದ ಬಳಿ ನಿಲ್ಲುವುದು ಬೇಡ. ಒಂದು ಕುರ್ಚಿ ಎಳೆದುಕೊಂಡು ಕೂರೋಣ. "ಹೇಗಿದ್ದೀರಾ, ಯಾವುದು ಹೆಚ್ಚು ತೊಂದರೆ ಕೊಡ್ತಾ ಇದೆ?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನಿರೋಣ.