ಹಾಕಿದ್ದೆಷ್ಟು, ಕಂಡದ್ದೆಷ್ಟು: ಪಿಸಿ ಮೆಮೊರಿಯ ಹಳೆಯ ತಕರಾರು

ಹಾಕಿದ ಮೆಮೊರಿಯೆಲ್ಲ ಕಂಪ್ಯೂಟರಿಗೆ ಕಾಣದಿರುವ ತೊಂದರೆ ಪಿಸಿಯಷ್ಟೇ ಹಳೆಯದು. 1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿಗೆ ತನ್ನೊಳಗೆ ಎಷ್ಟು ಮೆಮೊರಿ ಇದೆಯೆಂಬುದನ್ನು ಹೇಳಿಕೊಡಬೇಕಿತ್ತು. ಮದರ್‌ಬೋರ್ಡಿನ ಮೇಲೆ ಪುಟ್ಟ ಸ್ವಿಚ್ಚುಗಳ ಎರಡು ಕಟ್ಟು, ಕಟ್ಟಿಗೆ ಎಂಟು ಸ್ವಿಚ್ಚು. ಮೆಮೊರಿ ಸೇರಿಸಿದವರು ಕೈಪಿಡಿ ಪಕ್ಕದಲ್ಲಿಟ್ಟುಕೊಂಡು, ಪೆನ್ನಿನ ತುದಿಯಂಥದ್ದರಿಂದ ಒಂದೊಂದನ್ನೇ ಸರಿಸಬೇಕು. ಒಂದು ತಪ್ಪಿದರೂ ದುಬಾರಿ ಬೆಲೆ ಕೊಟ್ಟು ತಂದ ಮೆಮೊರಿ ಇದ್ದೂ ಇಲ್ಲದಂತೆ.

ಸ್ವಿಚ್ಚುಗಳು ಸರಿಯಿದ್ದರೂ ಮೊದಲ ಪಿಸಿಗಳ ಲೆಕ್ಕ 544 ಕೆಬಿ ದಾಟುತ್ತಿರಲಿಲ್ಲ. ಇದು ಮೆಮೊರಿ ಚಿಪ್ಪುಗಳ ದೋಷವಲ್ಲ. ಯಂತ್ರ ಚಾಲೂ ಆದೊಡನೆ ಓಡುವ ಬಯಾಸ್ ಎಂಬ ಪ್ರೋಗ್ರಾಮಿನ ಮಿತಿ. 1982ರ ಅಕ್ಟೋಬರ್ 27ರ ದಿನಾಂಕ ಹೊತ್ತ ಹೊಸ ಬಯಾಸ್ ಬಂದ ಮೇಲಷ್ಟೇ 640 ಕೆಬಿ ಪೂರ್ತಿ ಎಣಿಕೆಗೆ ಸಿಕ್ಕಿತು.

ಆ 640ರ ಮೂಲ ವಿಳಾಸಗಳ ಕೊರತೆಯಲ್ಲಿದೆ. ಮೆಮೊರಿಯ ಪ್ರತಿ ಬೈಟಿಗೂ ಒಂದು ವಿಳಾಸ ಬೇಕು. ಪಿಸಿಯ ಇಂಟೆಲ್ 8088 ಪ್ರೊಸೆಸರಿಗೆ ವಿಳಾಸ ತಿಳಿಸಲು ಇದ್ದದ್ದು 20 ತಂತಿ. ಹಾಗಾಗಿ ಒಟ್ಟು ವಿಳಾಸಗಳು 10,48,576, ಅಂದರೆ ಒಂದು ಎಂಬಿ. ಪರದೆಯ ಚಿತ್ರಕ್ಕೆ, ಸೇರಿಸುವ ಕಾರ್ಡುಗಳಿಗೆ, ಬಯಾಸ್‌ಗೆ ಬೇಕಾದ ವಿಳಾಸಗಳೂ ಇದರಲ್ಲೇ ಬರಬೇಕು. ಮೇಲಿನ 384 ಕೆಬಿಯನ್ನು ಅವಕ್ಕೆ ಮೀಸಲಿಟ್ಟಾಗ ಪ್ರೋಗ್ರಾಮುಗಳಿಗೆ ಉಳಿದದ್ದು 640. ತೀರಾ ಅಗ್ಗದ ಪಿಸಿ 16 ಕೆಬಿಯೊಂದಿಗೆ ಮಾರಾಟವಾಗುತ್ತಿದ್ದ ಕಾಲದಲ್ಲಿ ಅದನ್ನು ಜಿಪುಣತನ ಎನ್ನಲಾಗದು.

1984ರ ಪಿಸಿ ಎಟಿಯಲ್ಲಿ ಮೆಮೊರಿಯ ಲೆಕ್ಕ ಸ್ವಿಚ್ಚುಗಳಿಂದ ಬ್ಯಾಟರಿ ಕಾಯುವ ಪುಟ್ಟ ಚಿಪ್ಪಿಗೆ ಬಂತು. ಬ್ಯಾಟರಿ ಸತ್ತರೆ ಲೆಕ್ಕವೂ ಮರೆತುಹೋಗುತ್ತಿತ್ತು. ಲೆಕ್ಕ ತಾಳೆಯಾಗದಿದ್ದರೆ ಪರದೆಯ ಮೇಲೆ 164 ಎಂಬ ತಪ್ಪಿನ ಸಂಖ್ಯೆ. ಎಟಿಯ 80286 ಪ್ರೊಸೆಸರ್ 16 ಎಂಬಿ ಮುಟ್ಟಬಲ್ಲದಾಗಿತ್ತು, ಆದರೆ ಆಗಿನ ಪಿಸಿಗಳ ಕಾರ್ಯಾಚರಣೆ ವ್ಯವಸ್ಥೆಯಾದ ಡಾಸ್ ಒಂದು ಎಂಬಿಯ ಲೋಕದಲ್ಲೇ ಉಳಿಯಿತು. 1985ರಲ್ಲಿ ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಸೇರಿ, 64 ಕೆಬಿಯ ಕಿಟಕಿಯೊಂದರಿಂದ ಹೊರಗಿನ ಮೆಮೊರಿಯನ್ನು ತುಂಡುತುಂಡಾಗಿ ಒಳಗೆಳೆಯುವ ಉಪಾಯ ಕಂಡುಕೊಂಡವು.

ಅದೇ ವರ್ಷ ಬಂದ 80386 ಪ್ರೊಸೆಸರಿನ 32 ಬಿಟ್ ವಿಳಾಸ ಮಿತಿಯನ್ನು 4 ಜಿಬಿಗೆ ಏರಿಸಿತು. ಅಷ್ಟು ಮೆಮೊರಿ ಮನೆಯ ಕಂಪ್ಯೂಟರಿಗೆ ಬರಲು ಸುಮಾರು ಎರಡು ದಶಕ ಬೇಕಾಯಿತು. ಬಂದಾಗ ಹಳೆಯ ಕಥೆಯೇ ಮರುಕಳಿಸಿತು. 32 ಬಿಟ್ ವಿಂಡೋಸ್ ಎಕ್ಸ್‌ಪಿಯಲ್ಲಿ 4 ಜಿಬಿ ಹಾಕಿದರೆ ಕಾಣುತ್ತಿದ್ದದ್ದು ಮೂರು, ಮೂರೂವರೆ. ಗ್ರಾಫಿಕ್ಸ್ ಕಾರ್ಡು ಮತ್ತಿತರ ಸಾಧನಗಳು 4 ಜಿಬಿಯ ಮೇಲ್ತುದಿಯ ವಿಳಾಸಗಳನ್ನು ಹಿಡಿದು ಕೂರುತ್ತಿದ್ದವು. ರ‍್ಯಾಮ್ ಬದಲಿಸಿ ತಂದರೂ ಲೆಕ್ಕ ಅಷ್ಟೇ. 1995ರ ಪೆಂಟಿಯಂ ಪ್ರೊ ಆಗಲೇ 36 ಬಿಟ್ ವಿಳಾಸದಿಂದ 64 ಜಿಬಿಗೆ ದಾರಿ ತೆರೆದಿತ್ತು. ಆದರೆ 4 ಜಿಬಿ ಮೀರಿದ ವಿಳಾಸ ಕಂಡರೆ ಕೆಡುವ ಡ್ರೈವರುಗಳು, ಅಂದರೆ ಸಾಧನಗಳನ್ನು ನಡೆಸುವ ಪ್ರೋಗ್ರಾಮುಗಳು, ಇದ್ದವು. ಅದಕ್ಕಾಗಿ ಮನೆಬಳಕೆಯ ವಿಂಡೋಸ್ ಆ ದಾರಿ ಹಿಡಿಯಲಿಲ್ಲ.

2008ರಲ್ಲಿ ವಿಂಡೋಸ್ ವಿಸ್ತಾದ ಮೊದಲ ಸರ್ವಿಸ್ ಪ್ಯಾಕ್, ಬಳಸಬಹುದಾದ ಮೆಮೊರಿಯ ಬದಲು ಹಾಕಿದ ಮೆಮೊರಿಯನ್ನು ತೋರಿಸತೊಡಗಿತು. ಸಂಖ್ಯೆ ತುಂಬಿತು, ಮೆಮೊರಿ ತುಂಬಲಿಲ್ಲ; ಬಳಸುವವರಿಗೆ ಇದು ನ್ಯಾಯವಲ್ಲ. ಮರುವರ್ಷದ ವಿಂಡೋಸ್ 7 ಎರಡನ್ನೂ ಒಂದೇ ಸಾಲಿನಲ್ಲಿ ಬರೆದದ್ದು ಒಳ್ಳೆಯ ತಿದ್ದುಪಡಿ.

ನಿಜವಾದ ಬಿಡುಗಡೆ 64 ಬಿಟ್‌ನಿಂದ. ಎಎಂಡಿಯ 64 ಬಿಟ್ ಪ್ರೊಸೆಸರ್ ಆಪ್ಟೆರಾನ್ 2003ರಲ್ಲಿ ಬಂತು, 64 ಬಿಟ್ ಎಕ್ಸ್‌ಪಿ 2005ರಲ್ಲಿ. ಆಗಲೂ ಸಾಧನಗಳ ಕೆಳಗೆ ಮುಚ್ಚಿಹೋದ ಮೆಮೊರಿಗೆ 4 ಜಿಬಿಯ ಆಚೆ ವಿಳಾಸ ಕೊಡಲು ಮದರ್‌ಬೋರ್ಡ್ ಒಪ್ಪಬೇಕಿತ್ತು. ವಿಂಡೋಸ್ 7ರ ಹೋಮ್ ಬೇಸಿಕ್ ಆವೃತ್ತಿ 64 ಬಿಟ್ ಆಗಿದ್ದರೂ 8 ಜಿಬಿಗೇ ನಿಲ್ಲುತ್ತಿತ್ತು.

ವಿಳಾಸದ ಬರ ನೀಗಿದ ಮೇಲೆ ಉಳಿದ ಕಾರಣಗಳು ಹೆಚ್ಚಾಗಿ ಕೈಗೆ ಸಿಗುವಂಥವು. ರಿಪೇರಿಯವರು ಮೊದಲು ನೋಡುವುದು ಬಯಾಸ್ ತೋರಿಸುವ ಲೆಕ್ಕ. ಅಲ್ಲಿ ಪೂರ್ತಿಯಿದ್ದು ವಿಂಡೋಸ್‌ನಲ್ಲಿ ಕಡಿಮೆಯಿದ್ದರೆ ಆವೃತ್ತಿಯ ಮಿತಿ, ಒಳಗಿನ ಗ್ರಾಫಿಕ್ಸ್ ತೆಗೆದುಕೊಂಡ ಪಾಲು, ಇಲ್ಲವೇ ವಿಂಡೋಸ್ ಶುರುವಾಗುವ ಬಗೆಯನ್ನು ಹೊಂದಿಸುವ ಎಂಎಸ್‌ಕಾನ್ಫಿಗ್‌ನಲ್ಲಿ ಯಾರೋ ಗುರುತು ಹಾಕಿಟ್ಟ ಗರಿಷ್ಠ ಮೆಮೊರಿ. ಬಯಾಸ್‌ನಲ್ಲೇ ಕಡಿಮೆಯಿದ್ದರೆ ಕರೆಂಟು ತೆಗೆದು, ರ‍್ಯಾಮ್ ಬಿಚ್ಚಿ, ಮಂಕಾದ ಚಿನ್ನದ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಕೊಂಡಿ ಟಕ್ಕೆಂದು ಕಚ್ಚಿಕೊಳ್ಳುವವರೆಗೆ ಒತ್ತಿ ಕೂರಿಸುತ್ತಾರೆ. ಆಮೇಲೂ ಕಾಣದಿದ್ದರೆ ಒಂದೊಂದೇ ರ‍್ಯಾಮನ್ನು ಬೇರೆಬೇರೆ ಸ್ಲಾಟಿನಲ್ಲಿ ಹಾಕಿ ನೋಡುವುದು: ರ‍್ಯಾಮ್ ಹೋದಲ್ಲೆಲ್ಲ ತೊಂದರೆಯೂ ಹೋದರೆ ಕೆಟ್ಟಿರುವುದು ರ‍್ಯಾಮ್, ಒಂದೇ ಜಾಗದಲ್ಲಿ ನಿಂತರೆ ಸ್ಲಾಟ್.