ಸ್ಪಿನ್ನಿಂಗ್ ರೀಲು: ತಲೆಮಾರುಗಳ ಗುಣಭೇದ

ಸ್ಪಿನ್ನಿಂಗ್ ರೀಲು ಎಂಬುದು ಗಾಳದ ಕೋಲಿನ ಕೆಳಮಗ್ಗುಲಿಗೆ ಕೂರಿಸುವ, ದಾರವನ್ನು ದೂರಕ್ಕೆ ಎಸೆಯಲೂ ಮರಳಿ ಸುತ್ತಿಕೊಳ್ಳಲೂ ನೆರವಾಗುವ ಯಂತ್ರ. ಇದರಲ್ಲಿ ದಾರವನ್ನು ಹೊತ್ತ ಸ್ಪೂಲು ತಾನು ತಿರುಗದೆ ಹಿಂದುಮುಂದಾಗಿ ಮಾತ್ರ ಚಲಿಸುತ್ತದೆ; ರೋಟರು ಅದರ ಸುತ್ತ ತಿರುಗಿ ದಾರವನ್ನು ಹಾಸುತ್ತದೆ. ಒಂದು ಮಾದರಿ ಜನಪ್ರಿಯವಾಯಿತೆಂದರೆ ಅದರ ಹೆಸರನ್ನು ದಶಕಗಳ ಕಾಲ ಉಳಿಸಿಕೊಂಡು ಒಳಗಿನ ಅಂಗಗಳನ್ನು ಮಾತ್ರ ಮಾರ್ಪಡಿಸುತ್ತ ಹೋಗುವುದು ಈ ಉದ್ಯಮದ ವಾಡಿಕೆಯಾಗಿರುವುದರಿಂದ, ಹೆಸರನ್ನು ನಂಬಿ ರೀಲಿನ ಯೋಗ್ಯತೆಯನ್ನು ಅಳೆಯುವುದು ಕಷ್ಟ. ಹೊಸದೆಲ್ಲ ಹಳೆಯದಕ್ಕಿಂತ ಮೇಲೆಂಬ ಮಾತೂ, ಹಿಂದಿನ ಗಟ್ಟಿತನ ಇಂದಿಲ್ಲವೆಂಬ ಮಾತೂ ಗಾಳ ಹಾಕುವವರ ನಡುವೆ ಸಮನಾಗಿ ಬೇರೂರಿವೆ. ಮುಚ್ಚಳವನ್ನು ಬಿಚ್ಚಿ ನೋಡಿದರೆ ಎರಡೂ ಅರ್ಧಸತ್ಯಗಳೇ.

ಸ್ಕಾಟ್ಲೆಂಡಿನ ಪರ್ತ್ ಪಟ್ಟಣದ ಪೀಟರ್ ಮ್ಯಾಲಕ್ ಎಂಬವನು 1884ರಲ್ಲಿ ಪೇಟೆಂಟು ಪಡೆದ ರೀಲಿನಲ್ಲಿ, ಎಸೆಯುವ ಹೊತ್ತಿಗೆ ಸ್ಪೂಲನ್ನು ಕಾಲು ಸುತ್ತು ಹೊರಳಿಸಿದರೆ ದಾರವು ಅದರ ಅಂಚಿನಿಂದ ಸರಾಗವಾಗಿ ಜಾರಿ ಹೋಗುತ್ತಿತ್ತು. ಆದರೆ ದಾರಕ್ಕೆ ಬೀಳುತ್ತಿದ್ದ ಹುರಿಯಿಂದ ಸಿಕ್ಕುಗಳೂ ಉಂಟಾಗುತ್ತಿದ್ದುವು. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡಿನ ಉಣ್ಣೆ ಗಿರಣಿಗಳ ಒಡೆತನದ ಮನೆತನಕ್ಕೆ ಸೇರಿದ್ದ ಆಲ್ಫ್ರೆಡ್ ಹೋಲ್ಡನ್ ಇಲಿಂಗ್‌ವರ್ತ್, ನೂಲು ತನ್ನ ಉರುಳೆಯ ತುದಿಯಿಂದ ಬಿಚ್ಚಿಕೊಳ್ಳುವ ಕ್ರಮವನ್ನು ಗಾಳಕ್ಕೆ ಅಳವಡಿಸಿ, 1905ರಲ್ಲಿ ಸ್ಥಿರ ಸ್ಪೂಲಿನ ರೀಲಿಗೆ ಪೇಟೆಂಟು ಪಡೆದನು. ದಾರವನ್ನು ತಾನಾಗಿ ಹಿಡಿದುಕೊಳ್ಳುವ ಪೂರ್ಣ ತಂತಿಯ ಕಮಾನು, ಅಂದರೆ ಬೇಲ್, 1932ರಲ್ಲಿ ಆನ್ವಿಕ್‌ನ ಹಾರ್ಡಿ ಸಂಸ್ಥೆಯ ಆಲ್ಟೆಕ್ಸ್ ರೀಲಿನೊಂದಿಗೆ ಬಳಕೆಗೆ ಬಂದಿತು.

ತಲೆಮಾರುಗಳ ಪ್ರಶ್ನೆ ನಿಜವಾಗಿ ಮೊದಲಾಗುವುದು ಫ್ರಾನ್ಸಿನ ಮಿಚೆಲ್ ರೀಲಿನಿಂದ. ಆಲ್ಪ್ಸ್ ಪರ್ವತಗಳ ಮಡಿಲಿನಲ್ಲಿರುವ ಕ್ಲೂಸ್ ಪಟ್ಟಣದಲ್ಲಿ ಗಡಿಯಾರದ ಬಿಡಿಭಾಗಗಳನ್ನು ತಯಾರಿಸುತ್ತಿದ್ದ ಕಾರ್ಪಾನೋ ಮತ್ತು ಪೋನ್ಸ್ ಸಂಸ್ಥೆಯು ಎರಡನೆಯ ಮಹಾಯುದ್ಧದ ಅನಂತರ ಇದನ್ನು ಹೊರತಂದು, ಮುಂದೆ ಮಿಚೆಲ್ 300 ಎಂಬ ಹೆಸರಿನಲ್ಲಿ ಅಟ್ಲಾಂಟಿಕದ ಎರಡೂ ದಡಗಳಲ್ಲಿ ಮಾರಿತು. ಗಡಿಯಾರದ ಕಸುಬಿನವರ ಕೈಚಳಕವು ಮೊಟ್ಟೆಯಾಕಾರದ ಆ ಪೆಟ್ಟಿಗೆಯೊಳಗೆ ಎದ್ದು ಕಾಣುತ್ತದೆ: ಸ್ಪೂಲನ್ನು ಹಿಂದುಮುಂದಾಗಿಸಲು ಸಾಧಾರಣ ಅಚ್ಚನ್ನು ಬಿಟ್ಟು ಗ್ರಹಗಿಯರುಗಳ ಸಾಲನ್ನೇ ಜೋಡಿಸಿ, ದಾರವು ಒಂದರ ಮೇಲೊಂದು ಹೂತುಕೊಳ್ಳದಂತೆ ಅಡ್ಡಡ್ಡಲಾಗಿ ಹಾಸುವ ಏರ್ಪಾಡನ್ನು ಅವರು ಮಾಡಿದ್ದರು. ಬೇಲಿನ ತೆಳುವಾದ ಸ್ಪ್ರಿಂಗು ಮುರಿಯುವುದು ಮಾತ್ರ ಈ ರೀಲಿನ ಹಳೆಯ ಚಾಳಿ. ಮೊದಲ ಅರ್ಧ ಬೇಲಿನಿಂದ ಪೂರ್ಣ ಬೇಲಿನವರೆಗೆ, ಗುಂಡಿಯನ್ನೊತ್ತಿ ಸ್ಪೂಲು ತೆಗೆಯುವ ಅನಂತರದ ಆವೃತ್ತಿಯವರೆಗೆ, ಪ್ರತಿಯೊಂದು ಬದಲಾವಣೆಯೂ ಮೂಲದ ರೂಪರೇಖೆಯನ್ನು ಉಳಿಸಿಕೊಂಡೇ ನಡೆಯಿತು. ಬಳಿಕ ಸಂಸ್ಥೆ ಕೈ ಬದಲಾಯಿಸಿತು. 300 ಎಂಬ ಅಂಕಿ ಇಂದಿಗೂ ಅಂಗಡಿಗಳಲ್ಲಿ ಉಂಟಾದರೂ, ಅದನ್ನು ಹೊತ್ತ ರೀಲಿಗೂ ಕ್ಲೂಸ್‌ನ ರೀಲಿಗೂ ಇರುವ ನಂಟು ಹೆಸರಿನದೇ ಹೊರತು ಯಂತ್ರದ್ದಲ್ಲ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ 1932ರಲ್ಲಿ ಓಟ್ಟೋ ಹೆಂಜ಼ೆ ಸ್ಥಾಪಿಸಿದ ಪೆನ್ ಸಂಸ್ಥೆಯ ಸ್ಪಿನ್‌ಫಿಶರ್ ಮಾಲೆ ಬೇರೊಂದು ಪಾಠವನ್ನು ಹೇಳುತ್ತದೆ. 1960ರ ದಶಕದ 700ರ ಸಾಲಿನ ರೀಲುಗಳು ಸಮುದ್ರತೀರದ ಮರಳು, ಉಪ್ಪು, ದೊಡ್ಡ ಮೀನಿನ ಎಳೆತ ಇವನ್ನು ಗಮನದಲ್ಲಿಟ್ಟು ನಿರ್ಮಿತವಾದುವು. ಲೋಹದ ದೇಹ, ವರ್ಮ್ ಗಿಯರು, ಬೆರಳೆಣಿಕೆಯ ಬಾಲ್ ಬೇರಿಂಗುಗಳು. ವರ್ಮ್ ಗಿಯರಿನ ಹಲ್ಲುಗಳು ಒಂದರ ಮೇಲೊಂದು ಜಾರುತ್ತ ಚಲಿಸುವುದರಿಂದ ಹಿಡಿ ಸ್ವಲ್ಪ ಭಾರವೆನಿಸುತ್ತದೆ, ಶಕ್ತಿಯ ಒಂದಂಶ ಘರ್ಷಣೆಯಲ್ಲಿ ವ್ಯಯವಾಗುತ್ತದೆ. ಆದರೆ ಹೊರೆಯನ್ನು ತಡೆದುಕೊಳ್ಳುವ ಬಲ ಅದಕ್ಕೆ ಹೆಚ್ಚು. ಬೇಲೇ ಇಲ್ಲದ 706ನ್ನು ತೀರದ ಗಾಳಗಾರರು ಮೆಚ್ಚಿದ್ದು, ಮುರಿಯಬಹುದಾದ ಅಂಗವೊಂದು ಅದರಲ್ಲಿ ಇಲ್ಲದಿರುವ ಕಾರಣಕ್ಕೆ. 2012ರ ಐದನೆಯ ಸ್ಪಿನ್‌ಫಿಶರ್ ನೀರು ನುಗ್ಗದಂತೆ ಮುದ್ರೆ ಹಾಕಿದ ದೇಹದೊಂದಿಗೆ ಬಂದು, 2018ರ ಆರನೆಯದರಲ್ಲಿ ಆ ರಕ್ಷಣೆ ಐಪಿಎಕ್ಸ್‌5 ಎಂಬ ಜಲನಿರೋಧಕ ಮಟ್ಟವನ್ನು ಮುಟ್ಟಿತು. ಹಳೆಯ ರೀಲು ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು, ಬಿಚ್ಚಿ ತೊಳೆದು ಗ್ರೀಸು ಹಚ್ಚಿದರೆ ಮತ್ತೆ ನಡೆಯುತ್ತಿತ್ತು; ಹೊಸದು ನೀರನ್ನು ಹೊರಗೇ ತಡೆಯಲು ಹೊರಟಿತು. ಬಾಳಿಕೆಯ ಕಲ್ಪನೆಯೇ ಇಲ್ಲಿ ಬೇರೆಯಾಗಿದೆಯೆಂಬುದನ್ನು ಮರೆತು ಇವೆರಡನ್ನು ತೂಗುವುದು ಉಚಿತವಲ್ಲ.

ರೀಲುಗಳ ಒಳಗನ್ನು ಬದಲಿಸಿದ ಇನ್ನೊಂದು ಕಾರಣ ದಾರವೇ. 1990ರ ದಶಕದಲ್ಲಿ ಪಾಲಿಎಥಿಲೀನ್ ಎಳೆಗಳನ್ನು ಹೆಣೆದ ದಾರ ಪ್ರಚಾರಕ್ಕೆ ಬಂದಾಗ, ನೈಲಾನಿಗೆಂದು ರೂಪಿಸಿದ ರೀಲುಗಳ ಕೊರತೆಗಳು ಬಯಲಾದುವು. ನೈಲಾನಿನಂತೆ ಹಿಗ್ಗದ ಈ ದಾರವು ಮೀನಿನ ಪೆಟ್ಟನ್ನು ನೇರವಾಗಿ ಗಿಯರಿಗೂ, ದಾರ ಹೊರಹೋಗುವುದನ್ನು ಬಿಗಿಹಿಡಿಯುವ ಡ್ರ್ಯಾಗಿಗೂ ಮುಟ್ಟಿಸುತ್ತಿತ್ತು. ತೆಳುವಾದ್ದರಿಂದ ಕೆಳಗಿನ ಸುತ್ತುಗಳೊಳಗೆ ಹೂತುಕೊಳ್ಳುತ್ತಿತ್ತು. ಇದಕ್ಕೆ ಉತ್ತರವಾಗಿ ಸ್ಪೂಲಿನ ಚಲನೆ ನಿಧಾನಗೊಂಡಿತು, ಬೇಲಿನ ಉರುಳೆಗೆ ಬೇರಿಂಗು ಬಂದಿತು, ಡ್ರ್ಯಾಗಿನ ಬಿಲ್ಲೆಗಳಲ್ಲಿ ಫೆಲ್ಟಿನ ಸ್ಥಾನವನ್ನು ಕಾರ್ಬನ್ ನಾರು ಆಕ್ರಮಿಸಿತು. ಅದೇ ಕಾಲದಲ್ಲಿ, ಹಿಡಿಯನ್ನು ಹಿಂದಕ್ಕೆ ಅಲುಗಿಸಿದರೆ ತುಸು ದೂರ ಸರಿದು ಟಕ್ಕೆಂದು ನಿಲ್ಲುತ್ತಿದ್ದ ಹಳೆಯ ಕೊಕ್ಕೆಯ ತಡೆ ಹೋಗಿ, ಸೂಜಿಯಷ್ಟೂ ಜಗ್ಗದ ಏಕಮುಖ ಬೇರಿಂಗು ನೆಲೆಯೂರಿತು. ಕೈಗೆ ಇದು ಹಿತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದಪ್ಪ ಗ್ರೀಸು ಒಳಹೊಕ್ಕರೆ ಅಥವಾ ಚಳಿಗೆ ಎಣ್ಣೆ ಗಟ್ಟಿಯಾದರೆ ಅದರ ಹಿಡಿತ ತಪ್ಪುವುದುಂಟು, ಕೊಕ್ಕೆಗೆ ಈ ನಾಜೂಕು ಇರಲಿಲ್ಲ. ಪೆಟ್ಟಿಗೆಯ ಮೇಲೆ ಬೇರಿಂಗುಗಳ ಎಣಿಕೆಯನ್ನು ದಪ್ಪಕ್ಷರಗಳಲ್ಲಿ ಮುದ್ರಿಸುವ ಪದ್ಧತಿಯಂತೂ ಗ್ರಾಹಕನಿಗೆ ಮಾಡಿದ ಉಪಕಾರವೆನ್ನಲಾಗದು. ಎಣಿಕೆಯಿಂದ ಗುಣ ತಿಳಿಯದು; ಅಗ್ಗದ ರೀಲುಗಳೂ ಹತ್ತಕ್ಕೆ ಕಡಮೆಯಿಲ್ಲದ ಬೇರಿಂಗುಗಳನ್ನು ತುಂಬಿಕೊಂಡು ಬರುತ್ತವೆ.

ತಲೆಮಾರುಗಳ ಗತಿ ನಿಯತವಾದದ್ದು ಜಪಾನಿನಲ್ಲಿ. ಸಾಕಾಯ್ ನಗರದಲ್ಲಿ 1921ರಿಂದ ಸೈಕಲ್ಲಿನ ಭಾಗಗಳನ್ನು ತಯಾರಿಸುತ್ತಿದ್ದ ಶಿಮಾನೋ ಸಂಸ್ಥೆ 1992ರಲ್ಲಿ ಸ್ಟೆಲ್ಲಾ ರೀಲನ್ನು ಹೊರತಂದು, ಅಲ್ಲಿಂದ ಮೂರು ನಾಲ್ಕು ವರ್ಷಗಳಿಗೊಮ್ಮೆ ಅದನ್ನು ಹೊಸದಾಗಿ ರೂಪಿಸುತ್ತ ಬಂದಿದೆ. 2014ರ ಸ್ಟೆಲ್ಲಾದಲ್ಲಿ ಗಿಯರಿನ ಹಲ್ಲುಗಳು ಮೊದಲಿಗಿಂತ ಸಣ್ಣವಾಗಿ ಸಂಖ್ಯೆಯಲ್ಲಿ ಹೆಚ್ಚಿದುವು. ಹಿಡಿ ತಿರುಗಿಸುವಾಗ ಹಲ್ಲಿನ ಸ್ಪರ್ಶವೇ ತೋರದಂತಹ ನಯ ಅದರಿಂದ ಒದಗಿತು. ಪ್ರತಿಸ್ಪರ್ಧಿಯಾದ ದೈವಾ, 2010ರ ಸುಮಾರಿಗೆ, ಆಯಸ್ಕಾಂತದ ಬಲದಿಂದ ನಿಲ್ಲುವ ಎಣ್ಣೆಯನ್ನೇ ನೀರಿಗೆ ಅಡ್ಡಗೋಡೆಯಾಗಿಸಿತು. ಇದು ಚತುರವಾದ ಉಪಾಯವೇ ಸರಿ. ಆದರೆ ಆ ಭಾಗವನ್ನು ಬಳಕೆದಾರನು ಬಿಚ್ಚಬಾರದು, ಬೇರೆ ಎಣ್ಣೆ ಬಿಡಬಾರದು ಎಂಬ ನಿಬಂಧನೆಯೂ ಜೊತೆಗೂಡಿತು. ತಿರುಪುಳಿಯೊಂದಿದ್ದರೆ ಅಡುಗೆಮನೆಯ ಮೇಜಿನ ಮೇಲೆಯೇ ದುರಸ್ತಿಯಾಗುತ್ತಿದ್ದ ವಸ್ತು ಹೀಗೆ ಸೇವಾಕೇಂದ್ರಕ್ಕೆ ಹೋಗಿ ಬರುವ ವಸ್ತುವಾಯಿತು.

ಹೊಸ ತಲೆಮಾರಿನ ಹೆಚ್ಚಿನ ಫಲವನ್ನು ಪಡೆದವನು ಅತ್ಯುತ್ತಮ ರೀಲನ್ನು ಕೊಂಡವನಲ್ಲ, ನಡುಬೆಲೆಯದನ್ನು ಕೊಂಡವನು. ಸ್ಟೆಲ್ಲಾದ ಸಣ್ಣ ಹಲ್ಲಿನ ಗಿಯರು 2019ರ ಹೊತ್ತಿಗೆ ಅದೇ ಸಂಸ್ಥೆಯ ಸ್ಟ್ರಾಡಿಕ್ ರೀಲಿಗೆ ಇಳಿದು ಬಂದಿತ್ತು, ಅದೂ ಸ್ಟೆಲ್ಲಾದ ಬೆಲೆಯ ಸಣ್ಣ ಭಾಗಕ್ಕೆ.