ಮೂತ್ರಪಿಂಡದ ಅರ್ಬುದ: ಹಂತನಿರ್ಣಯದ ಚರಿತ್ರೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಮೂತ್ರ ಕೆಂಪಾದರೆ ಅದನ್ನು ‘ಉಷ್ಣ’ವೆಂದು ಬಗೆದು, ಎಳನೀರು ಕುಡಿದು ಸುಮ್ಮನಾಗುವುದುಂಟು. ಮಳೆ ಕಡಮೆಯಾದ ಈ ಬಯಲುಸೀಮೆಯಲ್ಲಿ ಮೂತ್ರದ ಕಲ್ಲು ಅಪರೂಪವಲ್ಲ. ಆದರೆ ಕಲ್ಲು ಸಾಮಾನ್ಯವಾಗಿ ನೋಯಿಸುತ್ತದೆ. ನೋವಿಲ್ಲದೆ ಬರುವ ರಕ್ತವೇ ಹೆಚ್ಚು ಶಂಕಾಸ್ಪದವಾದುದು. ಪಾವಗಡದ ನೀರಿನ ಫ್ಲೋರೈಡು ಹಲ್ಲು ಮೂಳೆಗಳನ್ನು ಕೆಡಿಸಿರುವುದು ಸರ್ವವಿದಿತ. ಈ ಅರ್ಬುದವನ್ನೂ ಅದಕ್ಕೆ ಆರೋಪಿಸಲು ಆಧಾರವಿಲ್ಲ. ಧೂಮಪಾನ, ಅತಿಸ್ಥೂಲತೆ, ರಕ್ತದೊತ್ತಡ ಇವುಗಳ ಸಂಬಂಧವಾದರೋ ಸಿದ್ಧಪಟ್ಟಿದೆ.

ಗಡ್ಡೆ ಎಲ್ಲಿಯವರೆಗೆ ಹಬ್ಬಿದೆಯೆಂಬುದು ಶಸ್ತ್ರವೈದ್ಯನಿಗೆ ಬಹುಕಾಲ ಹೊಟ್ಟೆಯನ್ನು ತೆರೆದ ಮೇಲೆಯೇ ತಿಳಿಯುತ್ತಿತ್ತು. 1895ರಲ್ಲಿ ರಾಂಟ್‌ಗೆನ್ ಕಂಡುಹಿಡಿದ ಕ್ಷಕಿರಣಗಳು ಮೂಳೆಯನ್ನೂ ಕಲ್ಲನ್ನೂ ತೋರಿದುವೇ ಹೊರತು ಮೃದುವಾದ ಗಡ್ಡೆಯನ್ನಲ್ಲ. 1906ರಲ್ಲಿ ಫೋಲ್ಕರ್ ಮತ್ತು ಲಿಕ್ಟೆನ್‌ಬರ್ಗ್ ಎಂಬುವರು ಮೂತ್ರನಾಳದ ಮೂಲಕ ಬೆಳ್ಳಿಯ ದ್ರಾವಣವನ್ನು ಮೇಲಕ್ಕೆ ಹರಿಸಿ ಮೂತ್ರಪಿಂಡದ ಒಳಗುಳಿಯ ಚಿತ್ರ ಪಡೆದರು. 1929ರಲ್ಲಿ ಸ್ವಿಕ್ ಅಯೋಡಿನ್ನಿನ ಸಂಯುಕ್ತವನ್ನು ರಕ್ತಕ್ಕೇ ಸೇರಿಸಿ ಅದೇ ಫಲವನ್ನು ಸಾಧಿಸಿದನು. ಆದರೂ ಅಲ್ಲಿ ಕಂಡುದು ಗಡ್ಡೆಯ ಒತ್ತಡದಿಂದ ಒಳಗುಳಿಗಾದ ವಿಕಾರ ಮಾತ್ರ.

1969ರಲ್ಲಿ ಟೊರಾಂಟೋದ ರಾಬ್ಸನ್ ಮತ್ತು ಸಂಗಡಿಗರು ರೋಗವನ್ನು ನಾಲ್ಕು ಹಂತಗಳಾಗಿ ವಿಭಾಗಿಸಿದರು: ಪಿಂಡದೊಳಗೆ, ಸುತ್ತಣ ಕೊಬ್ಬಿನಲ್ಲಿ, ಅಭಿಧಮನಿ ಅಥವಾ ದುಗ್ಧಗ್ರಂಥಿಗಳಲ್ಲಿ, ಕಡೆಗೆ ನೆರೆಯ ಇಲ್ಲವೆ ದೂರದ ಅಂಗಗಳಲ್ಲಿ. ಮೂರನೆಯದು ನನ್ನ ದೃಷ್ಟಿಯಲ್ಲಿ ದೊಡ್ಡ ಲೋಪ. ಅಭಿಧಮನಿಯನ್ನು ಹೊಕ್ಕ ಗಡ್ಡೆಯನ್ನು ಪೂರ್ಣವಾಗಿ ತೆಗೆದರೆ ರೋಗಿ ದೀರ್ಘಕಾಲ ಬದುಕಬಹುದು; ಗ್ರಂಥಿಗಳಿಗೆ ಹಬ್ಬಿದವನ ಭವಿಷ್ಯ ಅದಕ್ಕಿಂತ ಬಹಳ ಕಷ್ಟ. ಇವರಿಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದಂತಾಯಿತು. ಗಡ್ಡೆ, ಗ್ರಂಥಿ, ದೂರಪ್ರಸರಣ ಇವುಗಳಿಗೆ ಬೇರೆಬೇರೆ ಅಕ್ಷರಗಳನ್ನಿಟ್ಟ ಟಿ.ಎನ್.ಎಂ. ಪದ್ಧತಿ ಈ ಗೊಂದಲವನ್ನು ಬಿಡಿಸಿತು.

ಆ ಅಕ್ಷರಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ತುಂಬುವುದು ಸಾಧ್ಯವಾದುದು ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರದಿಂದ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಚಿತ್ರಿಸಿದ ಆ ವಿಧಾನ ಕೆಲವೇ ವರ್ಷಗಳಲ್ಲಿ ಇಡೀ ದೇಹಕ್ಕೆ ಅನ್ವಯವಾಯಿತು. ಆಮೇಲೆ ಅಳತೆಯೇ ಹಂತವಾಯಿತು: ಪಿಂಡದೊಳಗೇ ಉಳಿದ 7 ಸೆಂ.ಮೀ.ವರೆಗಿನ ಗಡ್ಡೆ ಮೊದಲನೆಯ ವರ್ಗಕ್ಕೆ ಸೇರಿತು. 2002ರಲ್ಲಿ ಅದನ್ನೇ 4 ಸೆಂ.ಮೀ.ಗೆ ಮತ್ತೆ ಎರಡಾಗಿ ಒಡೆದರು. ಚಿಕ್ಕ ಗಡ್ಡೆಯಾದರೆ ಪಿಂಡದ ಬಹುಭಾಗವನ್ನು ಉಳಿಸಿ ಅದನ್ನಷ್ಟೇ ಕತ್ತರಿಸಿ ತೆಗೆಯುವುದು ಅನೇಕ ವೇಳೆ ಸಾಧ್ಯ. ಗಡ್ಡೆ ಅಧೋಮಹಾಭಿಧಮನಿಯಲ್ಲಿ ಎಷ್ಟು ಮೇಲಕ್ಕೆ ಏರಿದೆಯೆಂಬುದಕ್ಕೆ ಎಂ.ಆರ್.ಐ. ಚಿತ್ರ ವಿಶೇಷವಾಗಿ ಒದಗುತ್ತದೆ. ಶ್ವಾಸಕೋಶವನ್ನೂ ಚಿತ್ರಿಸಬೇಕು, ರೋಗ ದೂರ ಹೋದರೆ ಅನೇಕ ವೇಳೆ ಮೊದಲು ಹೋಗುವುದು ಅಲ್ಲಿಗೆ.

ಇಷ್ಟಾದರೂ ಹಿಗ್ಗಿದ ಗ್ರಂಥಿಯೆಲ್ಲ ಅರ್ಬುದವಲ್ಲ. ಕೊಬ್ಬಿನೊಳಕ್ಕೆ ಆಗತಾನೆ ಚಾಚಿದ ಎಳೆಯನ್ನು ಸಿ.ಟಿ. ಖಚಿತವಾಗಿ ತೋರಲಾರದು. ಅದನ್ನು ತೀರ್ಮಾನಿಸುವುದು ಇಂದಿಗೂ ಸೂಕ್ಷ್ಮದರ್ಶಕವೇ.

ನಮ್ಮ ನಾಲ್ಕು ತಾಲ್ಲೂಕುಗಳ ರೋಗಿಗಳು ಹಿಡಿಯುವ ದಾರಿ ಬೆಂಗಳೂರಿನದು. ಅಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ 1973ರಲ್ಲಿ ಸ್ಥಾಪಿತವಾಯಿತು. ಆದರೆ ಆ ಪ್ರಯಾಣಕ್ಕೆ ಕಾರಣವಾಗುವುದು ಹಲವು ವೇಳೆ ಜನರು ‘ಸ್ಕ್ಯಾನಿಂಗ್’ ಎನ್ನುವ ಶ್ರವಣಾತೀತ ಧ್ವನಿಪರೀಕ್ಷೆ. ಹೊಟ್ಟೆನೋವಿಗೆಂದೋ ಪಿತ್ತಕೋಶದ ಕಲ್ಲಿಗೆಂದೋ ಮಾಡಿಸಿದಾಗ, ಯಾವ ಲಕ್ಷಣವನ್ನೂ ತೋರದ ಗಡ್ಡೆ ಅದರಲ್ಲಿ ಆಕಸ್ಮಿಕವಾಗಿ ಕಾಣಿಸಿಕೊಳ್ಳುತ್ತದೆ.